ಹಸಿರು ಕಟ್ಟಡದ ತರಬೇತಿ: ಪಾಠ ಯಾರಿಗೆ ತಲುಪುತ್ತಿದೆ?

ಪರಿಸರಸ್ನೇಹಿ ಕಟ್ಟಡ ಎಂಬ ಮಾತು ಈಗ ಯಾರಿಗೂ ಹೊಸದಲ್ಲ. ವಸತಿ ಸಮುಚ್ಚಯಗಳ ಜಾಹೀರಾತುಗಳಲ್ಲಿ, ಎಂಜಿನಿಯರಿಂಗ್ ಕಾಲೇಜುಗಳ ವಿಚಾರ ಸಂಕಿರಣಗಳಲ್ಲಿ, ಸರ್ಕಾರದ ನೀತಿ ಪತ್ರಗಳಲ್ಲಿ ಅದು ಧಾರಾಳವಾಗಿ ಕೇಳಿಬರುತ್ತದೆ. ಇದಕ್ಕಾಗಿ ತರಬೇತಿಗಳೂ ಸಾಕಷ್ಟು ನಡೆಯುತ್ತಿವೆ. ಆದರೆ ನೀವು ಒಂದು ಸಾಧಾರಣ ಮನೆ ಕಟ್ಟಿಸಲು ಹೊರಟು, "ಗೋಡೆಗೆ ಸ್ಥಿರೀಕೃತ ಮಣ್ಣಿನ ಇಟ್ಟಿಗೆ ಬಳಸೋಣ, ಛಾವಣಿಗೆ ಫಿಲ್ಲರ್ ಸ್ಲ್ಯಾಬ್ ಹಾಕೋಣ" ಎಂದು ಕೇಳಿ ನೋಡಿ. ವಾಸ್ತುಶಿಲ್ಪಿ ತಲೆಯಾಡಿಸಬಹುದು. ಗುತ್ತಿಗೆದಾರ "ಅದೆಲ್ಲ ಬೇಡ ಸಾರ್" ಎನ್ನುವ ಸಂಭವವೇ ಹೆಚ್ಚು. ಗಾರೆ ಕೆಲಸದವರಿಗೆ ಆ ಇಟ್ಟಿಗೆಯನ್ನು ಮುಟ್ಟಿಯೇ ಗೊತ್ತಿಲ್ಲದಿರಬಹುದು. ಇನ್ನು ಇರುವ ಹಳೆಯ ಮನೆಯನ್ನೇ ಕಡಿಮೆ ಖರ್ಚಿನಲ್ಲಿ ತಂಪಾಗಿ, ಗಟ್ಟಿಯಾಗಿ ನವೀಕರಿಸಿಕೊಡಿ ಎಂದರಂತೂ ಬರುವ ಸಲಹೆ ಒಂದೇ: ಕೆಡವಿ ಹೊಸದು ಕಟ್ಟಿ!

ಇಷ್ಟು ತರಬೇತಿಯ ನಡುವೆಯೂ ಹೀಗೇಕೆ? ನಮ್ಮ ತರಬೇತಿಗಳು ಏನನ್ನು ಕಲಿಸುತ್ತಿವೆ, ಯಾರಿಗೆ ಕಲಿಸುತ್ತಿವೆ, ಏನನ್ನು ಬಿಟ್ಟಿವೆ ಎಂಬುದನ್ನು ವಿಮರ್ಶಿಸುವುದು ಈ ಲೇಖನದ ಉದ್ದೇಶ.

ಲೆಕ್ಕ ಏನು ಹೇಳುತ್ತದೆ?

ಮೊದಲು ಈ ವಿಷಯಕ್ಕೆ ಏಕೆ ತಲೆ ಕೆಡಿಸಿಕೊಳ್ಳಬೇಕು ಎಂಬುದನ್ನು ನೋಡೋಣ. ಕಟ್ಟಡ ಎರಡು ರೀತಿಯಲ್ಲಿ ಶಕ್ತಿಯನ್ನು ಬಳಸುತ್ತದೆ. ಬಳಕೆಗೆ ಬಂದ ಮೇಲೆ ದೀಪ, ಫ್ಯಾನು, ಹವಾನಿಯಂತ್ರಕಗಳಿಗೆ ಬೇಕಾಗುವ ಶಕ್ತಿ ಒಂದು. ಸಿಮೆಂಟು, ಉಕ್ಕು, ಇಟ್ಟಿಗೆಗಳನ್ನು ತಯಾರಿಸಿ, ಸಾಗಿಸಿ, ಕಟ್ಟುವ ಹೊತ್ತಿಗೆ ಆಗಲೇ ಖರ್ಚಾಗಿಹೋದ ಶಕ್ತಿ ಇನ್ನೊಂದು. ಇದನ್ನು ಅಂತರ್ಗತ ಶಕ್ತಿ ಎನ್ನುತ್ತಾರೆ. ಹವಾನಿಯಂತ್ರಕವಿಲ್ಲದೆಯೇ ವರ್ಷದ ಬಹುಭಾಗ ವಾಸಿಸಬಹುದಾದ ಬೆಂಗಳೂರು, ಮೈಸೂರಿನಂಥ ಊರುಗಳ ಮನೆಗಳಲ್ಲಿ ಈ ಎರಡನೆಯ ಬಾಬತ್ತನ್ನು ಕಡೆಗಣಿಸುವಂತಿಲ್ಲ.

ಭಾರತೀಯ ವಿಜ್ಞಾನ ಸಂಸ್ಥೆಯ ಬಿ.ವಿ. ವೆಂಕಟರಾಮ ರೆಡ್ಡಿ ಮತ್ತು ಕೆ.ಎಸ್. ಜಗದೀಶ್ 2003ರಲ್ಲಿ ಪ್ರಕಟಿಸಿದ ಅಧ್ಯಯನದ ಅಂಕಿಗಳು ಇಂದಿಗೂ ಕಣ್ತೆರೆಸುವಂತಿವೆ. ಕಾಂಕ್ರೀಟ್ ಚೌಕಟ್ಟಿನ ಬಹುಮಹಡಿ ಕಟ್ಟಡದಲ್ಲಿ ಪ್ರತಿ ಚದರ ಮೀಟರಿಗೆ 4.21 ಗಿಗಾಜೌಲ್ ಅಂತರ್ಗತ ಶಕ್ತಿ. ಸುಟ್ಟ ಇಟ್ಟಿಗೆಯ ಭಾರವಾಹಕ ಗೋಡೆಗಳ ಎರಡಂತಸ್ತಿನ ಕಟ್ಟಡದಲ್ಲಿ 2.92. ಮಣ್ಣು-ಸಿಮೆಂಟ್ ಇಟ್ಟಿಗೆ ಮತ್ತು ಫಿಲ್ಲರ್ ಸ್ಲ್ಯಾಬ್ ಬಳಸಿದ ಕಟ್ಟಡದಲ್ಲಿ ಕೇವಲ 1.61. ಒಂದು ಘನ ಮೀಟರ್ ಗೋಡೆಯನ್ನಷ್ಟೇ ತೆಗೆದುಕೊಂಡರೆ, ಸುಟ್ಟ ಇಟ್ಟಿಗೆಯದಕ್ಕೆ 2141 ಮೆಗಾಜೌಲ್, ಶೇಕಡ 6ರಷ್ಟು ಸಿಮೆಂಟ್ ಬೆರೆಸಿದ ಮಣ್ಣಿನ ಇಟ್ಟಿಗೆಯದಕ್ಕೆ 646.

ಇದನ್ನು 100 ಚದರ ಮೀಟರಿನ ಮನೆಗೆ ಅನ್ವಯಿಸಿ. ಸುಟ್ಟ ಇಟ್ಟಿಗೆಯ ಮನೆಗೂ ಮಣ್ಣಿನ ಇಟ್ಟಿಗೆಯ ಮನೆಗೂ 131 ಗಿಗಾಜೌಲ್ ವ್ಯತ್ಯಾಸ. ಟನ್ನು ಕಲ್ಲಿದ್ದಲಿನಿಂದ ಸುಮಾರು 17 ಗಿಗಾಜೌಲ್ ಸಿಗುತ್ತದೆಂದು ಹಿಡಿದರೆ, ಒಂದೇ ಮನೆಯಲ್ಲಿ ಏಳೆಂಟು ಟನ್ ಕಲ್ಲಿದ್ದಲಿನಷ್ಟು ಉಳಿತಾಯ! ಸಿಮೆಂಟ್ ಕಾರ್ಖಾನೆಗಳ ದಕ್ಷತೆ ಅನಂತರ ಹೆಚ್ಚಿರುವುದರಿಂದ ಈ ಅಂಕಿಗಳು ಕೊಂಚ ಬದಲಾಗಬಹುದು. ಅನುಪಾತದ ದಿಕ್ಕು ಬದಲಾಗುವುದಿಲ್ಲ. ಎರಡಂತಸ್ತಿನ ಮನೆಗಳಲ್ಲೇ ಇಡೀ ಮಹಾನಗರವನ್ನು ಕೂರಿಸಲಾಗದು ಎಂಬುದೂ ನಿಜ. ಆದರೆ ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ, ಹಳ್ಳಿಗಳಲ್ಲಿ ಏಳುತ್ತಿರುವ ಮನೆಗಳಲ್ಲಿ ಬಹುಪಾಲು ಒಂದೆರಡು ಅಂತಸ್ತಿನವೇ ಅಲ್ಲವೇ?

ಮೂರು ಬಗೆಯ ಪಾಠಶಾಲೆಗಳು

ಕಟ್ಟಡ ವೃತ್ತಿಯವರಿಗೆ ಈ ವಿಷಯವನ್ನು ಕಲಿಸುವ ವ್ಯವಸ್ಥೆಗಳನ್ನು ಸ್ಥೂಲವಾಗಿ ಮೂರಾಗಿ ವಿಂಗಡಿಸಬಹುದು.

ಮೊದಲನೆಯದು ಕಾಲೇಜು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರ ನೇತೃತ್ವದಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರದ ಕೆಲಸದಿಂದ ಬೆಳೆದ ಜ್ಞಾನವನ್ನು ಜಗದೀಶ್, ವೆಂಕಟರಾಮ ರೆಡ್ಡಿ ಮತ್ತು ಕೆ.ಎಸ್. ನಂಜುಂಡ ರಾವ್ 2007ರಲ್ಲಿ ಪರ್ಯಾಯ ನಿರ್ಮಾಣ ಸಾಮಗ್ರಿ ಮತ್ತು ತಂತ್ರಗಳನ್ನು ಕುರಿತ ಒಂದು ಇಂಗ್ಲಿಷ್ ಪಠ್ಯಪುಸ್ತಕವಾಗಿ ಹೊರತಂದರು. ಪರ್ಯಾಯ ತಂತ್ರಜ್ಞಾನವನ್ನು ಭಾವುಕತೆಯಿಂದ ಬಿಡಿಸಿ ಎಂಜಿನಿಯರಿಂಗ್ ಲೆಕ್ಕಕ್ಕೆ ತಂದದ್ದು ಈ ಪುಸ್ತಕದ ದೊಡ್ಡ ಗುಣ. ಮಣ್ಣಿನ ಗೋಡೆ 'ಬಡವರ ಗೋಡೆ' ಎಂಬ ಭಾವನೆಗೆ ಇಲ್ಲಿ ಉತ್ತರ ಸಂಖ್ಯೆಗಳಲ್ಲಿದೆ. ಗೋಡೆ ಎಷ್ಟು ಭಾರ ಹೊರಬಲ್ಲದು, ಯಾವ ಗಾರೆ ಸಾಕು, ಖರ್ಚೆಷ್ಟು ಎಂಬುದನ್ನು ವಿದ್ಯಾರ್ಥಿ ತಾನೇ ಕಂಡುಕೊಳ್ಳಬಹುದು.

ಕೊರತೆಯೂ ಇಲ್ಲೇ ಇದೆ. ಪುಸ್ತಕ ಎಂಜಿನಿಯರನಿಗಾಗಿ ಬರೆದದ್ದು, ಹೊಸ ಕಟ್ಟಡವೇ ಅದರ ಕೇಂದ್ರ. ಇದು ಲೇಖಕರ ತಪ್ಪಲ್ಲ, ಪಠ್ಯಪುಸ್ತಕದ ಮಿತಿ. ತಪ್ಪಿರುವುದು ಅದನ್ನು ಬಳಸಿದ ರೀತಿಯಲ್ಲಿ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಸಿವಿಲ್ ಎಂಜಿನಿಯರಿಂಗ್ ಪಠ್ಯಯೋಜನೆಗಳಲ್ಲಿ ಪರ್ಯಾಯ ಸಾಮಗ್ರಿಗಳ ವಿಷಯ ಐಚ್ಛಿಕವಾಗಿ ಸೇರಿತು. ಕಾಂಕ್ರೀಟ್ ವಿನ್ಯಾಸ ಕಡ್ಡಾಯ, ಭಾರವಾಹಕ ಗೋಡೆಯ ಮನೆ ಐಚ್ಛಿಕ! ಐಚ್ಛಿಕ ವಿಷಯ ಎಂದರೆ ವೃತ್ತಿಯ ಅಂಚಿನಲ್ಲಿರುವ ವಿಷಯ ಎಂಬ ಸಂದೇಶವನ್ನು ವಿದ್ಯಾರ್ಥಿ ಬೇಗನೆ ಗ್ರಹಿಸುತ್ತಾನೆ.

ಎರಡನೆಯದು ಶ್ರೇಯಾಂಕ ವ್ಯವಸ್ಥೆಗಳ ಪಾಠಶಾಲೆ. 2001ರಲ್ಲಿ ಭಾರತೀಯ ಹಸಿರು ಕಟ್ಟಡ ಮಂಡಳಿ ರೂಪುಗೊಂಡಿತು. ಅನಂತರ 'ಗೃಹ' ಶ್ರೇಯಾಂಕ ಬಂದಿತು. 2007ರಲ್ಲಿ ಶಕ್ತಿ ಸಂರಕ್ಷಣಾ ಕಟ್ಟಡ ಸಂಹಿತೆ, 2018ರಲ್ಲಿ ವಸತಿ ಕಟ್ಟಡಗಳಿಗಾಗಿ ಎಕೋ-ನಿವಾಸ್ ಸಂಹಿತೆ ಹೊರಬಂದವು. ಇವುಗಳ ಸುತ್ತ ಕಾರ್ಯಾಗಾರಗಳು, ಪರೀಕ್ಷೆಗಳು, ಅರ್ಹತಾಪತ್ರಗಳು ಬೆಳೆದವು. ಇದರಿಂದಾದ ಉಪಕಾರವನ್ನು ಅಲ್ಲಗಳೆಯುವಂತಿಲ್ಲ. ಗಾಜು, ನೆರಳು, ಶಾಖನಿರೋಧ ಎಂಬ ಪದಗಳು ವಾಸ್ತುಶಿಲ್ಪಿಗಳ ಕಚೇರಿಯಲ್ಲಿ ಸಂಖ್ಯೆಗಳ ಜೊತೆಗೆ ಓಡಾಡುವಂತಾಯಿತು. ಆದರೆ ಈ ತರಬೇತಿ ದಾಖಲೆ ಸಿದ್ಧಪಡಿಸುವ ನೈಪುಣ್ಯವನ್ನು ಕಲಿಸುವಷ್ಟು ಚೆನ್ನಾಗಿ ಕಟ್ಟುವ ನೈಪುಣ್ಯವನ್ನು ಕಲಿಸುವುದಿಲ್ಲ. ಬಹು ಆಯ್ಕೆಯ ಪ್ರಶ್ನೆಗಳಿಗೆ ಉತ್ತರಿಸಿ ಅರ್ಹತೆ ಪಡೆದವರು ಗೋಡೆಯ ಒಂದು ವರಸೆಯನ್ನೂ ಕಟ್ಟಿ ನೋಡಬೇಕಾಗಿಲ್ಲ. ಮೇಲಾಗಿ ಶಕ್ತಿ ಸಂರಕ್ಷಣಾ ಸಂಹಿತೆ ಅನ್ವಯಿಸುವುದು 100 ಕಿಲೋವ್ಯಾಟ್ ಅಥವಾ ಅದಕ್ಕೂ ಹೆಚ್ಚಿನ ವಿದ್ಯುತ್ ಭಾರದ ದೊಡ್ಡ ಕಟ್ಟಡಗಳಿಗೆ. ನಿಮ್ಮ ಮನೆ, ನನ್ನ ಮನೆ ಈ ಬಲೆಯ ಕಣ್ಣುಗಳ ನಡುವೆ ಸುಲಭವಾಗಿ ನುಸುಳಿಹೋಗುತ್ತವೆ.

ಮೂರನೆಯದು ಕೆಲಸಗಾರರ ತರಬೇತಿ. ಈ ನಿಟ್ಟಿನಲ್ಲಿ ನಮ್ಮ ನೆರೆಯ ಕೇರಳ ಒಳ್ಳೆಯ ದಾರಿ ತೋರಿಸಿತ್ತು. ಲಾರಿ ಬೇಕರ್ ಅವರ ಮಾರ್ಗದರ್ಶನದಲ್ಲಿ 1985ರಲ್ಲಿ 'ಕಾಸ್ಟ್‌ಫೋರ್ಡ್' ಸಂಸ್ಥೆ ಹುಟ್ಟಿತು. 1986ರಲ್ಲಿ ಕೊಲ್ಲಂನಲ್ಲಿ ಮೊದಲ ನಿರ್ಮಿತಿ ಕೇಂದ್ರ ತೆರೆಯಿತು. ಹುಡ್ಕೋ ನೆರವಿನಿಂದ 1988ರ ಬಳಿಕ ಈ ಕಲ್ಪನೆ ದೇಶದಾದ್ಯಂತ ಹಬ್ಬಿ, ಕರ್ನಾಟಕದ ಜಿಲ್ಲೆಗಳಿಗೂ ಬಂದಿತು. ಕಡಿಮೆ ವೆಚ್ಚದ ಸಾಮಗ್ರಿ ತಯಾರಿಸುವುದು, ಅದನ್ನು ಬಳಸಿ ಕಟ್ಟಿ ತೋರಿಸುವುದು, ಕಟ್ಟುತ್ತಲೇ ಕೆಲಸಗಾರರಿಗೆ ಕಲಿಸುವುದು ಇದರ ಮೂಲ ಉದ್ದೇಶ. ಆದರೆ ಇಂದು ನಮ್ಮಲ್ಲಿ ನಿರ್ಮಿತಿ ಕೇಂದ್ರ ಎಂದೊಡನೆ ಜನರ ನೆನಪಿಗೆ ಬರುವುದೇನು? ಶಾಲಾ ಕೊಠಡಿ, ಅಂಗನವಾಡಿ, ಸಮುದಾಯ ಭವನಗಳನ್ನು ಮಾಮೂಲಿ ಕಾಂಕ್ರೀಟಿನಲ್ಲೇ ಕಟ್ಟಿಕೊಡುವ ಸರ್ಕಾರಿ ಏಜೆನ್ಸಿ. ಕಾಮಗಾರಿ ಉಳಿದು ಕಲಿಕೆ ಹಿಂದೆ ಸರಿಯಿತು. ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆಯಡಿ 45 ದಿನಗಳ ಗಾರೆ ಕೆಲಸದ ತರಬೇತಿಯಿದೆ. ನಿಜವಾದ ಮನೆಯನ್ನೇ ಕಟ್ಟುತ್ತ ಕಲಿಯುವ ಅದರ ಕ್ರಮ ಮೆಚ್ಚತಕ್ಕದ್ದು. ಆದರೆ ಆ ಮನೆ ಯಾವುದರಿಂದ ಕಟ್ಟಿದ್ದೋ ಅದನ್ನಷ್ಟೇ ಕೆಲಸಗಾರ ಕಲಿಯುತ್ತಾನೆ. ಮನೆಯಲ್ಲಿ ಪರ್ಯಾಯ ತಂತ್ರ ಇಲ್ಲದಿದ್ದರೆ ಪಾಠದಲ್ಲೂ ಇಲ್ಲ.

ಒಂದು ಬಕೆಟ್ ನೀರು

ಕಲಿಕೆ ಎಲ್ಲಿ ತಪ್ಪುತ್ತದೆ ಎಂಬುದಕ್ಕೆ ಸ್ಥಿರೀಕೃತ ಮಣ್ಣಿನ ಇಟ್ಟಿಗೆಯನ್ನೇ ಉದಾಹರಣೆಯಾಗಿ ನೋಡಿ. ನೋಡಲು ಇದು ಬಹಳ ಸರಳ. ಮಣ್ಣಿಗೆ ಶೇಕಡ 6ರಿಂದ 8ರಷ್ಟು ಸಿಮೆಂಟ್ ಬೆರೆಸಿ, ಹದವಾಗಿ ನೀರು ಚಿಮುಕಿಸಿ, 'ಮರ್ದಿನಿ'ಯಂಥ ಕೈಯಂತ್ರದಲ್ಲಿ ಒತ್ತಿ, 28 ದಿನ ತೇವದಲ್ಲಿಟ್ಟು ಕ್ಯೂರಿಂಗ್ ಮಾಡಿದರೆ ಇಟ್ಟಿಗೆ ಸಿದ್ಧ. ಸುಡಬೇಕಾಗಿಲ್ಲ, ಸೌದೆ ಬೇಡ.

ಸೂಕ್ಷ್ಮ ಇರುವುದು ಮಣ್ಣಿನಲ್ಲಿ. ಮರಳಿನ ಅಂಶ ಮೂರನೆಯ ಎರಡು ಭಾಗದಷ್ಟು, ಜೇಡಿ ಶೇಕಡ 10ರಿಂದ 15ರಷ್ಟು ಇದ್ದರೆ ಒಳ್ಳೆಯದು. ಬೆಂಗಳೂರು, ಕೋಲಾರದ ಕೆಂಪು ಮಣ್ಣಿಗೆ ಮರಳನ್ನೋ ಕಲ್ಲುಪುಡಿಯನ್ನೋ ಬೆರೆಸಿ ಈ ಹದಕ್ಕೆ ತರಬಹುದು. ಉತ್ತರ ಕರ್ನಾಟಕದ ಎರೆ ಮಣ್ಣಿನ ಸಂಗತಿಯೇ ಬೇರೆ. ನೀರು ಕುಡಿದಾಗ ಉಬ್ಬಿ ಒಣಗಿದಾಗ ಕುಗ್ಗುವ ಈ ಮಣ್ಣಿಗೆ ಅದೇ ಸಿಮೆಂಟಿನ ಸೂತ್ರವನ್ನು ಕಣ್ಣು ಮುಚ್ಚಿ ಹಚ್ಚಿದರೆ ಕೆಡುವುದು ಖಂಡಿತ. ಅಲ್ಲಿ ಸುಣ್ಣದ ನೆರವು ಬೇಕು, ಇಲ್ಲವೇ ಮಣ್ಣನ್ನೇ ಬೇರೆ ಕಡೆಯಿಂದ ತರಬೇಕು.

ಇನ್ನೊಂದು ಅಪಾಯ ಕಣ್ಣಿಗೆ ಕಾಣದಂಥದು. ಸಿಮೆಂಟು ಕಡಿಮೆಯಾದ ಅಥವಾ ಕ್ಯೂರಿಂಗ್ ಅರ್ಧಕ್ಕೇ ನಿಂತ ಇಟ್ಟಿಗೆ ಒಣಗಿದ್ದಾಗ ಗಟ್ಟಿಯಾಗಿಯೇ ಇರುತ್ತದೆ. ಕೈಯಲ್ಲಿ ತಟ್ಟಿದರೆ, ಬಣ್ಣ ನೋಡಿದರೆ ದೋಷ ತಿಳಿಯದು. ನೀರಿನಲ್ಲಿ ನೆನೆದಾಗ ಮಾತ್ರ ಅದರ ಬಂಡವಾಳ ಬಯಲಾಗುತ್ತದೆ. ಆದ್ದರಿಂದಲೇ ಇದರ ಗುಣವನ್ನು ಅಳೆಯುವುದು ಒಣ ಬಲದಿಂದಲ್ಲ, ನೆನೆಸಿದ ನಂತರದ ಬಲದಿಂದ. ಇಂಥ ಇಟ್ಟಿಗೆಗಳಿಗಾಗಿ 1960ರಲ್ಲೇ ಬಂದು 2013ರಲ್ಲಿ ಪರಿಷ್ಕೃತವಾದ ಐ.ಎಸ್. 1725 ಮಾನಕವೂ ಇದೆ. ಆದರೆ ಮಾನಕದ ಪ್ರತಿ ಎಂಜಿನಿಯರನ ಕಪಾಟಿನಲ್ಲಿದ್ದು, ಇಟ್ಟಿಗೆ ಒತ್ತುವವನಿಗೆ ಅದರ ಒಂದು ವಾಕ್ಯವೂ ತಲುಪದಿದ್ದರೆ ಏನು ಪ್ರಯೋಜನ? ಕನ್ನಡದಲ್ಲಿ, ಚಿತ್ರಗಳೊಡನೆ, ಒಂದು ಬಕೆಟ್ ನೀರಿನ ಪ್ರಯೋಗದ ಮೂಲಕ ಇದನ್ನು ಅರ್ಧ ದಿನದಲ್ಲಿ ಕಲಿಸಬಹುದು. ಬೇಕರ್ ಅವರು ಮಣ್ಣು, ಮನೆ, ವೆಚ್ಚ ಕಡಿತಗಳನ್ನು ಕುರಿತು ತಾವೇ ರೇಖಾಚಿತ್ರ ಬರೆದು ಮಾಡಿದ ಕಿರುಪುಸ್ತಕಗಳು ಈ ದೃಷ್ಟಿಯಿಂದ ಇಂದಿಗೂ ಮಾದರಿ.

ಮಳೆಗಾಲದಲ್ಲಿ ಒಂದು ಮಣ್ಣಿಟ್ಟಿಗೆಯ ಗೋಡೆ ಉದುರಿದರೆ ಊರಿನವರು ಕ್ಯೂರಿಂಗನ್ನು ದೂರುವುದಿಲ್ಲ, ತಂತ್ರಜ್ಞಾನವನ್ನೇ ದೂರುತ್ತಾರೆ. ಆ ಊರಿನಲ್ಲಿ ಮುಂದೆ ಹಲವು ವರ್ಷ ಆ ಮಾತೇ ಎತ್ತುವಂತಿಲ್ಲ. ಅರೆಬರೆ ತರಬೇತಿಯ ಬೆಲೆ ಇದು.

ಕಲಿತವನಿಗೇ ನಷ್ಟ

ಕಲಿಸಿದ ಮಾತ್ರಕ್ಕೆ ಎಲ್ಲವೂ ಸರಿಹೋಗುವುದೂ ಇಲ್ಲ. ಇಲಿಬೋನು ಜೋಡಣೆ ಎಂದು ಕರೆಯುವ ಗೋಡೆಯನ್ನು ಗಮನಿಸಿ. ಇಟ್ಟಿಗೆಗಳನ್ನು ಮಗ್ಗುಲಾಗಿ ನಿಲ್ಲಿಸಿ, ನಡುವೆ ಟೊಳ್ಳು ಬಿಟ್ಟು ಕಟ್ಟುವುದರಿಂದ ಸುಮಾರು ಕಾಲು ಭಾಗ ಇಟ್ಟಿಗೆ ಉಳಿಯುತ್ತದೆ, ಗಾರೆಯೂ ಉಳಿಯುತ್ತದೆ, ಟೊಳ್ಳಿನ ಗಾಳಿ ಶಾಖವನ್ನು ತಡೆಯುತ್ತದೆ. ಆದರೆ ಟೊಳ್ಳಿನೊಳಗೆ ಗಾರೆ ಬೀಳದಂತೆ, ಮೂಲೆಗಳು ಕೂಡುವಂತೆ ಕಟ್ಟಲು ನಿಧಾನ ಬೇಕು, ಗಮನ ಬೇಕು. ನಮ್ಮಲ್ಲಿ ಕೂಲಿ ಗುತ್ತಿಗೆ ಹೆಚ್ಚಾಗಿ 'ಚದರ'ದ ಲೆಕ್ಕದಲ್ಲಿ ನಡೆಯುತ್ತದೆ. ನಿಧಾನವಾಗಿ ಕಟ್ಟಿದವನಿಗೆ ದಿನದ ಗಳಿಕೆ ಕಡಿಮೆ. ಉಳಿದ ಇಟ್ಟಿಗೆಯ ಲಾಭ ಮಾಲೀಕನಿಗೆ, ಹೋದ ಸಮಯದ ನಷ್ಟ ಕೆಲಸಗಾರನಿಗೆ! ಹೀಗಿರುವಾಗ ತರಬೇತಿ ಪಡೆದವನು ಮರುದಿನವೇ ಹಳೆಯ ಪದ್ಧತಿಗೆ ಮರಳಿದರೆ ಆಶ್ಚರ್ಯವೇನು?

ಗುತ್ತಿಗೆದಾರನ ಹಿಂಜರಿಕೆಯೂ ಅರ್ಥವಾಗುವಂಥದ್ದೇ. ಅಂದಾಜುಪಟ್ಟಿಯಲ್ಲಿ, ದರಪಟ್ಟಿಯಲ್ಲಿ ಸ್ಪಷ್ಟ ಸ್ಥಾನವಿಲ್ಲದ ಕೆಲಸಕ್ಕೆ ಅವನು ಜವಾಬ್ದಾರಿ ಹೊರಲಾರ. ಆದ್ದರಿಂದ ವಾಸ್ತುಶಿಲ್ಪಿ, ಎಂಜಿನಿಯರ್, ಗುತ್ತಿಗೆದಾರ, ಗಾರೆ ಕೆಲಸದವ ಇವರಲ್ಲಿ ಒಬ್ಬೊಬ್ಬರಿಗೆ ಬೇರೆ ಬೇರೆ ಕೊಠಡಿಗಳಲ್ಲಿ ಪಾಠ ಹೇಳುವ ಕ್ರಮವೇ ದೋಷಪೂರ್ಣ. ಸರಪಳಿಯ ಒಂದು ಕೊಂಡಿಯನ್ನು ಮಾತ್ರ ಬಲಪಡಿಸಿದರೆ ಸರಪಳಿ ಬಲವಾಗುವುದಿಲ್ಲ.

ಪಠ್ಯದಲ್ಲಿಲ್ಲದ ಹಳೆಯ ಮನೆ

ಎಲ್ಲಕ್ಕಿಂತ ದೊಡ್ಡ ಲೋಪ ನವೀಕರಣದ ಪಾಠದ್ದು. ಮೇಲಿನ ಲೆಕ್ಕವನ್ನೇ ಮತ್ತೆ ನೋಡಿ. 100 ಚದರ ಮೀಟರಿನ ಹಳೆಯ ಇಟ್ಟಿಗೆ ಮನೆಯಲ್ಲಿ ಆಗಲೇ 292 ಗಿಗಾಜೌಲ್ ಶಕ್ತಿ ಹುದುಗಿದೆ. ಅದನ್ನು ಕೆಡವಿ ಅಷ್ಟೇ ವಿಸ್ತೀರ್ಣವನ್ನು ಕಾಂಕ್ರೀಟ್ ಚೌಕಟ್ಟಿನಲ್ಲಿ ಕಟ್ಟಿದರೆ ಹೊಸದಾಗಿ 421 ಗಿಗಾಜೌಲ್ ಬೇಕು. ಜೊತೆಗೆ ಲೋಡುಗಟ್ಟಲೆ ಅವಶೇಷ. ಹಳೆಯದನ್ನು ಉಳಿಸಿಕೊಂಡು ಸರಿಪಡಿಸುವುದೇ ಎಷ್ಟೋ ಬಾರಿ ಅತ್ಯಂತ ಹಸಿರು ಮಾರ್ಗ. ಯೂರೋಪಿನಲ್ಲಿ 2011ರಲ್ಲಿ 'ಬಿಲ್ಡ್ ಅಪ್ ಸ್ಕಿಲ್ಸ್' ಎಂಬ ಉಪಕ್ರಮ ಆರಂಭವಾಯಿತು. ಪ್ರತಿ ದೇಶವೂ ತನ್ನ ಕಟ್ಟಡ ಕಾರ್ಮಿಕರಿಗೆ ಯಾವ ಕೌಶಲದ ಕೊರತೆಯಿದೆ ಎಂದು ಗುರುತಿಸಿ ಮುನ್ನೋಟ ಸಿದ್ಧಪಡಿಸಬೇಕೆಂಬುದು ಅದರ ಮೊದಲ ಹೆಜ್ಜೆ. ಅಲ್ಲಿಯ ಸಮಸ್ಯೆ ಚಳಿ, ನಮ್ಮದು ಬಿಸಿಲು ಮತ್ತು ಮಳೆ. ಪಾಠವನ್ನು ನಕಲು ಮಾಡುವಂತಿಲ್ಲ, ಆದರೆ ಆ ಕ್ರಮ ಅನುಕರಣೀಯ.

ನಮ್ಮಲ್ಲಿ ದುರಸ್ತಿಯ ಪಾಠ ಬಂದದ್ದು ದುರಂತದ ಹಿಂದೆ. 1993ರ ಲಾತೂರು ಭೂಕಂಪದಲ್ಲಿ ಮಣ್ಣು-ಕಲ್ಲಿನ ದಪ್ಪ ಗೋಡೆಗಳ ಮನೆಗಳು ಕುಸಿದು ಸಾವಿರಾರು ಜನ ಸತ್ತ ಮೇಲೆ, ಗೋಡೆಯ ಎರಡು ಪದರಗಳನ್ನು ಬಂಧಿಸುವ ಅಡ್ಡಗಲ್ಲುಗಳನ್ನು ಹೇಗೆ ಕೂರಿಸಬೇಕು, ಇರುವ ಮನೆಗೆ ಪಟ್ಟಿ ಹೇಗೆ ಕಟ್ಟಬೇಕು ಎಂಬುದನ್ನು ಗಾರೆಯವರಿಗೆ ಕಲಿಸಲಾಯಿತು. 2001ರ ಭುಜ್ ಭೂಕಂಪದ ನಂತರ ಗುಜರಾತಿನಲ್ಲೂ ಅದೇ ಆಯಿತು. ಲಾತೂರಿಗೆ ಸಮೀಪದಲ್ಲಿರುವ ನಮ್ಮ ಬೀದರ್, ಕಲಬುರಗಿ ಜಿಲ್ಲೆಗಳಲ್ಲಿ ಅದೇ ಬಗೆಯ ಗೋಡೆಗಳ ಮೇಲೆ ಅದೇ ಬಗೆಯ ಭಾರವಾದ ಮಣ್ಣಿನ ಮಾಳಿಗೆಗಳಿವೆ. ಅಲ್ಲಿಯ ಗಾರೆಯವರಿಗೆ ಈ ವಿದ್ಯೆ ತಲುಪಲು ಇನ್ನೊಂದು ಭೂಕಂಪ ಬೇಕೇ?

ನವೀಕರಣದಲ್ಲಿ ತಿಳಿವಳಿಕೆಯಿಲ್ಲದೆ ಆಗುವ ಹಾನಿ ಕಡಿಮೆಯಲ್ಲ. ಸುಣ್ಣದ ಗಾರೆಯ ಹಳೆಯ ಗೋಡೆ ತೇವವನ್ನು ಒಳಗೆಳೆದುಕೊಂಡು ಹೊರಬಿಡುತ್ತದೆ. ಅದರ ಮೇಲೆ ಗಟ್ಟಿ ಸಿಮೆಂಟ್ ಗಿಲಾವು ಬಳಿದರೆ ತೇವಕ್ಕೆ ಹೊರದಾರಿ ಇಲ್ಲ. ನೀರಿನೊಡನೆ ಬಂದ ಲವಣ ಮೆತ್ತನೆಯ ಇಟ್ಟಿಗೆಯೊಳಗೇ ಹರಳುಗಟ್ಟಿ ಅದನ್ನು ಪುಡಿ ಮಾಡುತ್ತದೆ. 'ಗಟ್ಟಿ ಮಾಡಲು' ಹಾಕಿದ ಸಿಮೆಂಟೇ ಗೋಡೆಯನ್ನು ತಿನ್ನುತ್ತದೆ. ಮದ್ರಾಸ್ ತಾರಸಿಯನ್ನು ದುರಸ್ತಿ ಮಾಡಬಲ್ಲವರು, ಸುಣ್ಣವನ್ನು ಹದವಾಗಿ ಕೊಳೆಹಾಕಿ ಅರೆಯಬಲ್ಲವರು ಅಲ್ಲಲ್ಲಿ ಇನ್ನೂ ಇದ್ದಾರೆ. ಅವರನ್ನು ಗುರುಗಳನ್ನಾಗಿ ಕರೆಯುವ ತರಗತಿಗಳು ವಿರಳ.

ಛಾವಣಿಯ ಲೆಕ್ಕವೂ ಹೀಗೆಯೇ. ಬರಿಯ 150 ಮಿಲಿಮೀಟರ್ ಕಾಂಕ್ರೀಟ್ ಛಾವಣಿಯ ಶಾಖ ಪ್ರಸರಣಾಂಕ ಚದರ ಮೀಟರಿಗೆ, ಪ್ರತಿ ಡಿಗ್ರಿಗೆ ಸುಮಾರು 3.3 ವ್ಯಾಟ್. ಎಕೋ-ನಿವಾಸ್ ಸಂಹಿತೆ ಹೇಳುವ ಮಿತಿ 1.2. ಅದೇ ಛಾವಣಿಯ ಮೇಲೆ 25 ಮಿಲಿಮೀಟರ್ ಪಾಲಿಸ್ಟೈರೀನ್ ಹಾಸಿ ಮೇಲೆ ರಕ್ಷಣಾ ಪದರ ಕೊಟ್ಟರೆ ಅದು ಹೆಚ್ಚುಕಡಿಮೆ 1ಕ್ಕೆ ಇಳಿಯುತ್ತದೆ. ಮನೆಯನ್ನು ಕೆಡವದೆ, ಒಳಗಿರುವವರನ್ನು ಎಬ್ಬಿಸದೆ ಮಾಡಬಹುದಾದ ಕೆಲಸವಿದು. ಡಿಪ್ಲೊಮಾ ತರಗತಿಯಲ್ಲಿ ಹದಿನೈದು ನಿಮಿಷದ ಲೆಕ್ಕ.

ಹಾಗೆಯೇ ಕೆಲಸಗಾರನ ಶ್ವಾಸಕೋಶದ ಪ್ರಶ್ನೆ. ಹಳೆಯ ಕಟ್ಟಡ ಬಿಚ್ಚುವಾಗ ಕಲ್ನಾರು ಶೀಟುಗಳನ್ನು ಒಡೆದರೆ, ಕತ್ತರಿಸಿದರೆ ಅಪಾಯಕಾರಿ ನಾರು ಗಾಳಿಗೆ ಸೇರುತ್ತದೆ. ಕಾಂಕ್ರೀಟು, ಕಲ್ಲು ಕೊಯ್ಯುವಾಗ ಏಳುವ ಸಿಲಿಕಾ ದೂಳು ಗುಣವಾಗದ ಕಾಯಿಲೆ ತರುತ್ತದೆ. ಶೀಟನ್ನು ಒಡೆಯದೆ ಇಡಿಯಾಗಿ ಇಳಿಸುವುದು, ನೀರು ಹನಿಸುತ್ತ ಕೊಯ್ಯುವುದು, ಸರಿಯಾದ ಮುಖಗವಸು ಧರಿಸುವುದು ಇವು ನವೀಕರಣ ತರಬೇತಿಯ ಮೊದಲ ಪಾಠವಾಗಬೇಕು. ಕೆಲಸಗಾರನ ಆಯುಸ್ಸನ್ನು ಬಲಿಗೊಟ್ಟು ಉಳಿಸಿದ ಕಟ್ಟಡವನ್ನು ಪರಿಸರಸ್ನೇಹಿ ಎನ್ನಲಾಗದು.

ಏನಾಗಬೇಕು?

ದೋಷ ಹೇಳಿದ ಮೇಲೆ ದಾರಿಯನ್ನೂ ಹೇಳಬೇಕಷ್ಟೆ. ಮೊದಲನೆಯದಾಗಿ, ಎಂಜಿನಿಯರಿಂಗ್ ಮತ್ತು ಡಿಪ್ಲೊಮಾ ತರಗತಿಗಳಲ್ಲಿ ಭಾರವಾಹಕ ಗೋಡೆ, ಅಂತರ್ಗತ ಶಕ್ತಿ, ಹಳೆಯ ಕಟ್ಟಡಗಳ ದುರಸ್ತಿ ಕಡ್ಡಾಯ ವಿಷಯಗಳಾಗಬೇಕು. ಪ್ರಾಯೋಗಿಕ ಪರೀಕ್ಷೆಯಲ್ಲಿ ವಿದ್ಯಾರ್ಥಿ ಕೈಯಾರೆ ಗೋಡೆ ಕಟ್ಟಬೇಕು. ಎರಡನೆಯದಾಗಿ, ಒಂದೇ ಕಟ್ಟಡದ ವಾಸ್ತುಶಿಲ್ಪಿಯಿಂದ ಗಾರೆಯವರವರೆಗೆ ಎಲ್ಲರೂ ಕೂಡಿ, ಕಟ್ಟುತ್ತಿರುವ ಜಾಗದಲ್ಲೇ ಕಲಿಯುವ ಶಿಬಿರಗಳು ಬೇಕು. ನಿರ್ಮಿತಿ ಕೇಂದ್ರಗಳು ವರ್ಷಕ್ಕೆ ಕೆಲವು ಕಾಮಗಾರಿಗಳನ್ನಾದರೂ ಇಂಥ ಪಾಠಶಾಲೆಗಳನ್ನಾಗಿ ಮಾಡಿದರೆ ತಮ್ಮ ಮೂಲ ಉದ್ದೇಶಕ್ಕೆ ಮರಳಿದಂತೆ. ಮೂರನೆಯದಾಗಿ, ಮಾನಕಗಳ ಸಾರ ಸರಳ ಕನ್ನಡದಲ್ಲಿ, ಚಿತ್ರಸಹಿತ ದೊರೆಯಬೇಕು. ನಾಲ್ಕನೆಯದಾಗಿ, ದರಪಟ್ಟಿಯಲ್ಲಿ ಈ ಕೆಲಸಗಳಿಗೆ ನ್ಯಾಯವಾದ ಕೂಲಿಯ ದರ ನಮೂದಾಗಬೇಕು. ಉಳಿತಾಯದಲ್ಲಿ ಕೆಲಸಗಾರನಿಗೂ ಪಾಲು ಸಿಗಬೇಕು. ಕಟ್ಟಡ ವೆಚ್ಚದ ಮೇಲೆ ವಸೂಲಾಗುವ ಶೇಕಡ 1ರ ಕಾರ್ಮಿಕ ಸುಂಕದ ಒಂದಂಶ ಕಲಿಕೆಯ ದಿನಗಳ ಕೂಲಿಗೆ ಸಂದರೆ ಅದು ಸರಿಯಾದ ವಿನಿಯೋಗವೇ.

ಇನ್ನು ನಿಮ್ಮ ಪಾತ್ರ. ಮುಂದಿನ ಬಾರಿ ಮನೆ ಕಟ್ಟಿಸುವಾಗ ಅಥವಾ ದುರಸ್ತಿ ಮಾಡಿಸುವಾಗ ಪ್ರಮಾಣಪತ್ರ ಕೇಳುವುದರ ಜೊತೆಗೆ ಎರಡು ಪ್ರಶ್ನೆ ಕೇಳಿ: "ಈ ಗೋಡೆಯನ್ನು ಕೆಡವದೆ ಉಳಿಸಲು ಸಾಧ್ಯವೇ?" "ಈ ಇಟ್ಟಿಗೆಯನ್ನು ನೆನೆಸಿ ಪರೀಕ್ಷಿಸಿದ್ದೀರಾ?" ಕೇಳುವವರು ಹೆಚ್ಚಿದಂತೆ, ಉತ್ತರ ಕಲಿಯಬೇಕಾದ ಅಗತ್ಯವೂ ಹೆಚ್ಚುತ್ತದೆ.